ಕೊಳೆಯದ ಪೆಟ್ಟಿಗೆ

ಗುಂಡಿ ತೋಡುವವನು ಬೆಳಗಿನ ಹೊತ್ತಿಗೇ ಬಂದು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿನವರೆಗೆ ಕೆಂಪು ಮಣ್ಣು, ಕೈಯಲ್ಲೊಂದು ಮರದ ಚೂರು. "ಪೆಟ್ಟಿ ಅಪ್ಪಡಿಯೇ ಇರುಕ್ಕು ಸಾರ್," ಅಂದ. ಹೂತು ವರ್ಷಗಳೇ ಕಳೆದಿದ್ದರೂ ಪೆಟ್ಟಿಗೆ ಇಟ್ಟ ಹಾಗೇ ಇದೆ, ಗುಂಡಿಯಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ, ಅತ್ತ ಹೆಣ ಮನೆಯಿಂದ ಹೊರಟಾಗಿದೆ. ಮುಂದೇನು ಮಾಡಬೇಕೆಂದು ನನ್ನನ್ನು ಕೇಳಲು ಬಂದಿದ್ದ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕೆಜಿಎಫ್‌ನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಚರಂಡಿ, ಕಸ, ಕಾಂಪೋಸ್ಟ್ ಗುಂಡಿಗಳ ಜೊತೆಗೆ ಕೋರಮಂಡಲ್ ಬಡಾವಣೆಯ ಆಚೆಯ ಸ್ಮಶಾನವೂ ನನ್ನ ತಲೆಗೇ ಕಟ್ಟಿತ್ತು. ಅಲ್ಲಿ ಜಾಗ ಯಾವತ್ತೂ ಸಾಲುತ್ತಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸೈನೈಡ್ ಗುಡ್ಡ. ಚಿನ್ನ ತೆಗೆದುಳಿದ ಆ ಬೂದು ಮರಳು ಗಾಳಿ ಬೀಸಿದಾಗಲೆಲ್ಲ ಸಮಾಧಿಗಳ ಮೇಲೆ ಬಂದು ಕೂರುತ್ತಿತ್ತು, ಅದು ಕೂತಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ. ಹಾಗಾಗಿ ಗಣಿ ಲೈನುಗಳ, ಅಂದರೆ ಕೂಲಿಕಾರರ ಸಾಲುಮನೆಗಳ, ಜನ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಂದು ಮನೆಗೆ ಒಂದು ಗುಂಡಿ. ಹತ್ತಾರು ವರ್ಷ ಬಿಟ್ಟು ಅದನ್ನೇ ತೆಗೆದು, ಉಳಿದ ಮೂಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟು, ಆ ಮನೆಯವರನ್ನೇ ಅಲ್ಲಿ ಮಲಗಿಸುವುದು. ಗಂಡ ಹೆಂಡತಿ ಒಂದೇ ಮಣ್ಣಲ್ಲಿ ಸೇರಿದರು ಎಂದು ಜನಕ್ಕೂ ಸಮಾಧಾನ, ಜಾಗ ಉಳಿಯಿತು ಎಂದು ನನಗೂ ಸಮಾಧಾನ.

ಸೈಕಲ್ ತುಳಿದುಕೊಂಡು ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಹೆಣ ಬಂದಿಳಿದಿತ್ತು. ತೆರೆದ ಗುಂಡಿಯೊಳಗೆ ಹಳೆಯ ಪೆಟ್ಟಿಗೆ ನಿನ್ನೆ ಮೊನ್ನೆ ಇಟ್ಟಂತೆ ಕಾಣುತ್ತಿತ್ತು. ಕೊನೆಗೆ ಅದನ್ನು ಹಾಗೇ ಮುಚ್ಚಿಸಿ ಅಂಚಿನಲ್ಲಿ ಬೇರೆ ಗುಂಡಿಗೆ ಕೈಹಾಕಿದೆವು. ಅಲ್ಲಿ ಅರ್ಧಕ್ಕೇ ಕಲ್ಲು ಸಿಕ್ಕಿತು. ಮತ್ತೊಂದು ಕಡೆ ಅಗೆಯುವವರೆಗೂ ಹೆಣ ಬಿಸಿಲಲ್ಲೇ ಇತ್ತು. ಸತ್ತವನ ಮಗ ತಲೆ ತಗ್ಗಿಸಿ ಕೂತಿದ್ದ. ಅವನು ಬೈದಿದ್ದರೂ ಸಹಿಸಬಹುದಾಗಿತ್ತು. ನನಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಂದಿತ್ತು.

ಜನ ಚದುರಿದ ಮೇಲೆ ಒಬ್ಬ ಮುದುಕ ಮಾತ್ರ ಉಳಿದ. ಗುಂಡಿ ತೋಡುವವನ ಕೈಯಿಂದ ಆ ಮರದ ಚೂರು ಇಸಕೊಂಡು, ಉಗುರಿಂದ ಕೆರೆದು, ಮೂಸಿ ನೋಡಿದ. ಒಳಗೆ ಮಾಸಲು ಹಸಿರು ಬಣ್ಣ.

"ಇದು ನಾನೇ ಮಾಡಿದ್ ಪೆಟ್ಟಿಗೆ ಸಾಮಿ," ಅಂದ. "ಮದ್ದು ಕುಡಿಸಿದ್ ಮರ. ಇದು ಕೊಳೆಯಾಕಿಲ್ಲ."

ಅವನು ಗಣಿಯಲ್ಲಿ ಮರಗೆಲಸದ ಮೇಸ್ತ್ರಿಯಾಗಿದ್ದವನು. ಬೂದಿಕೋಟೆ ಕಡೆಯವನು, ಕಲ್ಲಿನ ದೂಳು ಎದೆಗೆ ಸೇರಿ ಕೆಲಸ ಬಿಟ್ಟಿದ್ದ. ಭೂಮಿಯ ಕೆಳಗಿನ ಬಿಸಿಗೂ ತೇವಕ್ಕೂ ಸಾಮಾನ್ಯ ಮರ ಬೇಗ ಕೊಳೆತು ಮೆತ್ತಗಾಗುತ್ತದೆ, ಮೇಲಿನ ಬಂಡೆ ಕೆಳಗಿದ್ದವರ ತಲೆ ಮೇಲೆ ಬರುತ್ತದೆ. ಅದಕ್ಕೇ ದಿಮ್ಮಿಗಳನ್ನು ಔಷಧದ ತೊಟ್ಟಿಯಲ್ಲಿ ನೆನೆಸಿ ಒಳಗಿಳಿಸುತ್ತಿದ್ದರು. ಅದಕ್ಕೆ ಗೆದ್ದಲು ಹತ್ತದು, ಬೂಸ್ಟು ಹಿಡಿಯದು. ಕತ್ತರಿಸಿ ಉಳಿದ ತುಂಡುಗಳಲ್ಲಿ, ಯಾರಾದರೂ ತೀರಿಕೊಂಡಾಗ, ಮರಗೆಲಸದವರು ಪೆಟ್ಟಿಗೆ ಹೊಡೆದುಕೊಡುತ್ತಿದ್ದರು. ಹಳ್ಳಿಯಲ್ಲಿ ಚಾಪೆಯಲ್ಲಿ ಸುತ್ತಿ ಹೂಳುತ್ತಿದ್ದ ಜನ ಲೈನಿಗೆ ಬಂದ ಮೇಲೆ ಪೆಟ್ಟಿಗೆಯನ್ನು ಮರ್ಯಾದೆ ಎಂದು ಹಿಡಿದುಕೊಂಡಿದ್ದರು. ಬದುಕಿದ್ದಾಗ ಕಾಪಾಡಿದ ಮರ ಸತ್ತ ಮೇಲೂ ಕಾಪಾಡಲಿ ಎನ್ನುವುದೇ ಅವರ ಲೆಕ್ಕ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮರುದಿನ ಮೇಸ್ತ್ರಿ ಆಫೀಸಿಗೇ ಬಂದ. ಬೆಂಚಿನ ಮೇಲೆ ಕೂತು ಉಸಿರು ಹತೋಟಿಗೆ ಬರುವವರೆಗೆ ಕಾದು ವಿಷಯ ಹೇಳಿದ. ಅವನ ಹೆಂಡತಿ ಆ ಸ್ಮಶಾನದಲ್ಲೇ ಇದ್ದಾಳೆ. ಅವಳಿಗಾಗಿ ಇದ್ದುದರಲ್ಲಿ ಒಳ್ಳೆಯ ಹಲಗೆ ಆರಿಸಿ, ನೀರು ತಾಗಬಾರದೆಂದು ಸಂದುಗಳಿಗೆಲ್ಲ ಡಾಂಬರು ಮೆತ್ತಿ, ಅವನೇ ಕೈಯಾರೆ ಪೆಟ್ಟಿಗೆ ಮಾಡಿದ್ದ. ಇನ್ನು ತನಗೆ ಹೆಚ್ಚು ಕಾಲವಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ತನ್ನನ್ನು ಅವಳ ಜೊತೆಗೇ ಇಡಬೇಕು.

"ನಂಗೆ ಜಾಗ ಸಿಕ್ಕದಿದ್ರೆ ಓಗ್ಲಿ ಸಾಮಿ," ಅಂದ. "ಅವಳು ಮಣ್ಣಾದ್ಲಾ ಇಲ್ವಾ, ಅದ್ ಏಳಿ ನೀವು. ಇಷ್ಟ್ ವರ್ಸ ಅವಳ್ನ ನಾನೇ ಕಟ್ಟಾಕಿ ಮಡಗಿದ್ದೀನಾ?"

ನೋಡೋಣ ಎಂದೆ. ಸರ್ಕಾರಿ ನೌಕರರು ಏನೂ ತೋಚದಾಗ ಹೇಳುವ ಮಾತದು.

ನಮ್ಮ ವೈದ್ಯಾಧಿಕಾರಿಗಳು ಮಾತು ಕಡಿಮೆ, ಗದರುವುದು ಜಾಸ್ತಿ ಎನ್ನುವ ಮನುಷ್ಯ. ಪೆಟ್ಟಿಗೆ ಬಿಡಿಸಬೇಕು, ಮಣ್ಣು ಬದಲಾಯಿಸಬೇಕು, ಗುಂಡಿಯ ಆಳ ಕಡಿಮೆ ಮಾಡಬೇಕು ಎಂದು ನಾನು ಅವರಿಗೆ ಹೇಳಿದೆ. ಕಾಂಪೋಸ್ಟ್ ತರಬೇತಿಯಲ್ಲಿ ನಾನು ಕಲಿತಿದ್ದು ಇಷ್ಟೇ. ಯಾವುದೇ ಜೀವಪದಾರ್ಥ ಮಣ್ಣಾಗಬೇಕಾದರೆ ಗಾಳಿ ಬೇಕು, ಹದವಾದ ತೇವ ಬೇಕು, ಹುಳ ಹುಪ್ಪಟೆ ಇರುವ ಬದುಕಿರುವ ಮಣ್ಣು ಬೇಕು. ನಮ್ಮ ಸ್ಮಶಾನದ ಆಳದಲ್ಲಿ ಈ ಮೂರೂ ಇರಲಿಲ್ಲ. ಮೇಲೆ ಸೈನೈಡ್ ಮರಳು, ಕೆಳಗೆ ಗಟ್ಟಿ ಗರಸು, ಮಧ್ಯೆ ಮದ್ದಿನ ಹಲಗೆ. ಸಾಹೇಬರು ಎಲ್ಲ ಕೇಳಿ, ಮನುಷ್ಯರ ಮೇಲೆ ಪ್ರಯೋಗ ಮಾಡಲು ಬಿಡುವುದಿಲ್ಲ ಎಂದರು. ಆಮೇಲೆ, ಸತ್ತ ದನ ನಾಯಿಗಳನ್ನು ಹೂಳುವುದು ನಿನ್ನ ಕೆಲಸವೇ ತಾನೇ, ಅವನ್ನು ಹೇಗೆ ಬೇಕಾದರೂ ಹೂಳು ಎಂದು ಗೊಣಗಿದರು. ಅದನ್ನೇ ನಾನು ಅನುಮತಿ ಎಂದು ತಿಳಿದುಕೊಂಡೆ.

ಮೊದಲು ಮಾಡಿದ್ದು ನೀರಿನ ಪರೀಕ್ಷೆ. ಸ್ಮಶಾನದ ಮೇಲಿಂದ ಕೆಳಗಿನವರೆಗೆ ಅಲ್ಲಲ್ಲಿ ಸಣ್ಣ ಕುಳಿ ತೋಡಿಸಿ, ಬಿಂದಿಗೆ ನೀರು ಸುರಿದು, ಎಷ್ಟು ಬೇಗ ಇಂಗುತ್ತದೆ ಎಂದು ನೋಡಿದೆವು. ಮೇಲಿನ ಇಳಿಜಾರಿನಲ್ಲಿ ಕೆಮ್ಮಣ್ಣು ನೀರನ್ನು ನಿಧಾನವಾಗಿ ಕುಡಿಯಿತು. ಕೆಳಗೆ ನೀರು ನಿಂತೇ ಇತ್ತು. ಆದರೂ ಕೆಳಗೂ ಒಂದು ಗುಂಡಿ ಇರಲಿ, ಹೋಲಿಸಿ ನೋಡಲು ಆಗುತ್ತದೆ ಎಂದುಕೊಂಡೆ. ಬೂದಿಕೋಟೆಯ ಕಡೆ ಬತ್ತಿದ ಕೆರೆಯಿಂದ ರೈತರು ಗದ್ದೆಗೆ ಹೂಳು ಮಣ್ಣು, ಅವರ ಮಾತಲ್ಲಿ ಗೋಡು, ಹೊಡೆಯುತ್ತಿದ್ದರು. ಅಂಥ ಕಪ್ಪು ಗೋಡನ್ನು ಗಾಡಿಯಲ್ಲಿ ತರಿಸಿದೆ. ಹೊಂಗೆ ಸೊಪ್ಪನ್ನು ಬಂಗಾರಪೇಟೆ ರಸ್ತೆಯ ಮರಗಳಿಂದ ಕಡಿಸಿದೆ. ಲೈನಿನಲ್ಲಿ ಸತ್ತ ಮೇಕೆ, ನಾಯಿಗಳನ್ನು ಒಂದೊಂದು ಗುಂಡಿಯಲ್ಲಿ ಒಂದೊಂದು ರೀತಿ ಹೂಳಿದೆವು. ಒಂದನ್ನು ಮದ್ದಿನ ಹಲಗೆಯ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಪೆಟ್ಟಿಗೆಯಿಲ್ಲದೆ ಕೆಳಗಿನ ಜಾಗದ ಆಳದಲ್ಲಿ, ಮತ್ತೊಂದನ್ನು ಎದೆಮಟ್ಟದ ಗುಂಡಿಯಲ್ಲಿ ಕೆಳಗೂ ಮೇಲೂ ಸೊಪ್ಪು, ಗೋಡು ಹಾಕಿ. ಗುಂಡಿ ತೋಡುವವನಿಗೆ ಉಪ್ಪಿನ ಮೇಲೆ ಬಲವಾದ ನಂಬಿಕೆ. ಉಪ್ಪು ಸುರಿದರೆ ದೇಹ ಬೇಗ ಕರಗುತ್ತದೆ ಎಂದು ಅವನ ಅಪ್ಪನ ಕಾಲದಿಂದಲೂ ಎಲ್ಲ ಗುಂಡಿಗೂ ಉಪ್ಪು ಹಾಕಿಸುತ್ತಿದ್ದರು. ಅವನ ಸಮಾಧಾನಕ್ಕೆ ಒಂದು ಉಪ್ಪಿನ ಗುಂಡಿಯನ್ನೂ ಮಾಡಿದೆವು.

ಮೇಸ್ತ್ರಿ ದಿನಾ ಬಂದು ಕಲ್ಲಿನ ಮೇಲೆ ಕೂರುತ್ತಿದ್ದ. ಕೆಲಸ ಮಾಡಬೇಡಿ ಎಂದರೂ ಕೇಳುವವನಲ್ಲ. ಗುಂಡಿಯ ಗೋಡೆ ಕುಸಿಯದಂತೆ ಹೇಗೆ ಓರೆ ಕಡಿಯಬೇಕು ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಆಮೇಲೆ ಕೆಮ್ಮು ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವನ ಎದೆ ಕಿವಿಗೆ ಕೇಳುವಂತೆ ಉಬ್ಬಸ ಪಡುವಾಗ ನನಗೆ ಗುಂಡಿಗಳ ಮೇಲೆಯೇ ಸಿಟ್ಟು ಬರುತ್ತಿತ್ತು. ಕೊಳೆಯುವುದಕ್ಕೆ ಅದರದೇ ಕಾಲ ಬೇಕು. ಮೇಸ್ತ್ರಿಗೆ ಅಷ್ಟು ಕಾಲ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಪೆಟ್ಟು ಬೇಗನೇ ಬಿತ್ತು. ಆಳ ಕಡಿಮೆಯ ಗುಂಡಿಯನ್ನು ಬೀದಿನಾಯಿಗಳು ಕೆದರಿಬಿಟ್ಟವು. ವಾಸನೆ ಲೈನಿನವರೆಗೆ ಹೋಗಿ, ಹೆಂಗಸರು ಆಫೀಸಿಗೆ ಬಂದು ನನ್ನ ಜನ್ಮ ಜಾಲಾಡಿದರು. ಸಾಹೇಬರು ಕರೆಸಿ ಅದಕ್ಕಿಂತ ಚೆನ್ನಾಗಿ ಜಾಲಾಡಿದರು. ಎಲ್ಲ ಬಿಟ್ಟುಬಿಡೋಣ ಎಂದು ಆ ದಿನ ನಿಜವಾಗಿಯೂ ಅನ್ನಿಸಿತ್ತು. ಮೇಸ್ತ್ರಿಯೇ ದಾರಿ ತೋರಿಸಿದ. ಗಣಿಯೊಳಗೆ ಸಡಿಲ ಕಲ್ಲನ್ನು ತಡೆಯಲು ಕಂಬಗಳನ್ನು ಅಡ್ಡಡ್ಡ ಜೋಡಿಸುವಂತೆ, ಗುಂಡಿಯನ್ನು ಮತ್ತೆ ಮುಚ್ಚಿ, ಜಾಲಿ ಮುಳ್ಳನ್ನು ಅಡ್ಡಡ್ಡ ಹಾಸಿ ಮೇಲೆ ಕಲ್ಲು ಚಪ್ಪಡಿ ಸಂದು ಬಿಟ್ಟು ಜೋಡಿಸಲು ಹೇಳಿದ. ಸಂದಿನಲ್ಲಿ ಗಾಳಿ ಮಳೆ ಇಳಿಯುತ್ತಿತ್ತು, ನಾಯಿಯ ಮೂತಿ ಇಳಿಯುತ್ತಿರಲಿಲ್ಲ. ಅದಾದ ಮೇಲೆ ವಾಸನೆಯ ದೂರು ಬರಲಿಲ್ಲ.

ಒಂದು ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಸಾಹೇಬರ ಎದುರಿಗೇ ಗುಂಡಿಗಳನ್ನು ತೆಗೆದೆವು. ಪೆಟ್ಟಿಗೆಯೊಳಗಿನ ನಾಯಿ ಚರ್ಮ ಮೂಳೆಗೆ ಅಂಟಿಕೊಂಡು ಒಣಗಿತ್ತು. ಕೆಳಗಿನ ನೀರು ನಿಂತ ಗುಂಡಿಯಲ್ಲಿ ಮೇಕೆಯ ಮಾಂಸ ಬಿಳಿಚಿ ಸೋಪಿನಂತೆ ಗಟ್ಟಿಯಾಗಿತ್ತು. ಉಪ್ಪಿನ ಗುಂಡಿಯದು ಉಪ್ಪಿನಕಾಯಿಯಂತೆ ಕೆಡದೆ ಕೂತಿತ್ತು. ಗುಂಡಿ ತೋಡುವವನು ಅದನ್ನು ಬಹಳ ಹೊತ್ತು ನೋಡಿ, ಅಪ್ಪನ ವಿಷಯ ಎತ್ತದೆ ಬೀಡಿ ಹಚ್ಚಿಕೊಂಡ. ಮೇಲಿನ ಇಳಿಜಾರಿನ, ಸೊಪ್ಪು ಗೋಡು ಹಾಕಿದ ಗುಂಡಿಯಲ್ಲಿ ಮಾತ್ರ ಮೇಕೆ ಇರಲಿಲ್ಲ. ಕಪ್ಪು ಮಣ್ಣು, ಎರೆಹುಳ, ತೊಳೆದಿಟ್ಟಂಥ ಮೂಳೆ. ಅಲ್ಲಿ ಹಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಾಹೇಬರು ಒಂದು ಹಿಡಿ ಎತ್ತಿ ಮೂಸಿ, ಸರಿ ಮಾಡು ಎಂದರು.

ಆದರೆ ಜನ ಒಪ್ಪಲಿಲ್ಲ. ಲೈನಿನ ಹಿರಿಯರನ್ನು ಕೂರಿಸಿ ನಾನು ಗಾಳಿ, ತೇವ, ಹುಳ ಎಂದೆಲ್ಲ ವಿವರಿಸಿದೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಬದುಕೆಲ್ಲ ಭೂಮಿಯ ಕೆಳಗೆ ದುಡಿದವನಿಗೆ ಕೊನೆಗೊಂದು ಪೆಟ್ಟಿಗೆಯೂ ಇಲ್ಲವೆಂದರೆ, ಸೊಪ್ಪು ಹೊದಿಸಿ ಗೊಬ್ಬರದ ಗುಂಡಿಗೆ ಎಸೆದಂತೆ ಆಗುವುದಿಲ್ಲವೇ ಎಂದು ಕೇಳಿದರು. ನಾನು ತಾಳ್ಮೆ ಕಳೆದುಕೊಂಡು ಜೋರು ಮಾಡಿದೆ, ಅವರು ಎದ್ದುಹೋದರು. ಮೇಸ್ತ್ರಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ. ಆಮೇಲೆ ನನ್ನ ಬಳಿ ಬಂದು, ಮೊದಲು ತನ್ನ ಹೆಂಡತಿಯ ಗುಂಡಿ ತೆಗೆಸಿ ಎಂದ. ಅವಳನ್ನು ಪೆಟ್ಟಿಗೆಯಿಂದ ಬಿಡಿಸಿ, ಅದೇ ಜಾಗದಲ್ಲಿ ಗೋಡು ಮಣ್ಣಿನಲ್ಲಿ ಮಲಗಿಸಬೇಕು. ಜನ ಬೇಕಾದರೆ ನೋಡಿ ಕಲಿಯಲಿ, ಇಲ್ಲದಿದ್ದರೆ ಬಿಡಲಿ.

ಅವನ ಮಗಳನ್ನು ಬಂಗಾರಪೇಟೆಗೆ ಕೊಟ್ಟಿತ್ತು. ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಳು. ನನ್ನ ಎದುರಿಗೇ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

"ಮಲಗಿರೋ ಅಮ್ಮನ್ನ ಯಾಕಪ್ಪಾ ಎಬ್ಬಿಸ್ತೀಯ? ಅಂಗೇ ಇರ್ಲಿ ಬಿಡು."

"ಮಲಗಿಲ್ಲ ಕಣಮ್ಮಾ ಅವಳು," ಅಂದ ಮೇಸ್ತ್ರಿ. "ಕಾಯ್ತಾ ಕುಂತವ್ಳೆ."

ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಯಾವ ಸೊಪ್ಪು, ಎಷ್ಟು ತರಬೇಕು ಎಂದು ನನ್ನನ್ನೇ ಕೇಳಿದಳು.

ಸಾಹೇಬರು ಖುದ್ದು ಬರುತ್ತೇನೆಂದರು, ಫಿನಾಯಿಲ್ ಇರಲಿ, ಮನೆಯವರನ್ನು ಬಿಟ್ಟು ಬೇರೆ ಯಾರೂ ಇರಬಾರದು ಎಂದರು. ನನ್ನದೇ ಒಂದು ಯೋಜನೆಯಿತ್ತು. ಮೇಸ್ತ್ರಿ ಬರುವ ಮುಂಚೆಯೇ ಮುಚ್ಚಳ ತೆಗೆದು, ಒಳಗೆ ಏನೇ ಇದ್ದರೂ ಬಟ್ಟೆಯಲ್ಲಿ ಸುತ್ತಿಸಿ, "ಎಲ್ಲ ಮಣ್ಣಾಗಿತ್ತು ಮೇಸ್ತ್ರಿ" ಎಂದುಬಿಡುವುದು. ಸಾಯುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ ಎಂದುಕೊಂಡಿದ್ದೆ. ಬೆಳಕು ಹರಿಯುತ್ತಲೇ ಅಗೆಸಲು ಶುರುಮಾಡಿದೆ. ಹಾರೆ ಮರಕ್ಕೆ ತಾಗಿ ಟೊಕ್ಕೆಂದಿತು. ತಿರುಗಿ ನೋಡಿದರೆ ಮೇಸ್ತ್ರಿ ಮಗಳ ಭುಜ ಹಿಡಿದು ಏರಿ ಹತ್ತಿ ಬರುತ್ತಿದ್ದ. ಕೈಯಲ್ಲಿ ಅವನ ಹಳೆಯ ಮೊಳೆ ಕೀಳುವ ಸುತ್ತಿಗೆ.

ಬೇಡ ಎನ್ನಬಹುದಾಗಿತ್ತು. ಆ ಅಧಿಕಾರ ನನಗಿತ್ತು, ಅಷ್ಟರಲ್ಲಿ ಬಂದಿದ್ದ ಸಾಹೇಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆದರೆ ಆ ಸುತ್ತಿಗೆ ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನು ಕೇಳಿದ್ದು ಸಮಾಧಾನವನ್ನಲ್ಲ, ಅವಳು ಏನಾದಳು ಎನ್ನುವುದನ್ನು. "ಇಳಿಯಿರಿ ಮೇಸ್ತ್ರಿ, ಮೊಳೆ ನೀವೇ ತೆಗೀರಿ," ಎಂದು ನಾನೇ ಕೈ ಕೊಟ್ಟು ಇಳಿಸಿದೆ.

ಅವನು ಒಂದೊಂದೇ ಮೊಳೆ ಕಿತ್ತ. ನಡುನಡುವೆ ಹಲಗೆಗೆ ಹಣೆ ಆನಿಸಿ ಉಸಿರು ತೆಗೆದುಕೊಂಡ. ಡಾಂಬರು ಹಾಕಿದ ಸಂದು ಬಿಡಿಸುವುದು ಕಷ್ಟವಾಯಿತು, ಗುಂಡಿ ತೋಡುವವನು ಹಾರೆ ಕೊಟ್ಟು ಮೀಟಿದ. ಮುಚ್ಚಳ ಎದ್ದಿತು. ಸೀರೆಯ ಅಂಚಿನ ಬಣ್ಣ ಇನ್ನೂ ಗುರುತು ಸಿಗುವಂತಿತ್ತು. ಒಳಗಿದ್ದವಳು ಒಣಗಿ ಕಪ್ಪಾಗಿದ್ದಳು, ಅಷ್ಟೇ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಮೇಸ್ತ್ರಿ ಅವಳ ಹಣೆ ಇದ್ದ ಕಡೆ ಕೈಯಿಟ್ಟ.

"ಬುಡ್ತೀನಿ ಕಣೇ," ಅಂದ. "ಇವತ್ ಬುಡ್ತೀನಿ."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗಳು ತಂದ ಹೊಸ ಬಟ್ಟೆಯಲ್ಲಿ, ಈಚಲು ಚಾಪೆಯಲ್ಲಿ ಅವಳನ್ನು ಸುತ್ತಿದೆವು. ಪೆಟ್ಟಿಗೆಯನ್ನು ಬಿಚ್ಚಿ ಹಲಗೆ ಹಲಗೆಯಾಗಿ ಮೇಲಕ್ಕೆ ತೆಗೆದೆವು. ಗುಂಡಿಯ ತಳಕ್ಕೆ ಒಳ್ಳೆಯ ಮಣ್ಣು ತುಂಬಿ ಆಳ ತಗ್ಗಿಸಿ, ಸೊಪ್ಪು ಹಾಸಿ, ಅವಳನ್ನು ಮಲಗಿಸಿ, ಮೇಲೆ ಮತ್ತೆ ಸೊಪ್ಪು, ಅವಳ ತವರೂ ಆದ ಬೂದಿಕೋಟೆ ಕಡೆಯ ಕೆರೆಯ ಗೋಡು. ಉಪ್ಪು ಹಾಕಲಿಲ್ಲ. ಮಗಳು ಹಾಲು ತುಪ್ಪ ಬಿಟ್ಟಳು. ತಲೆಯ ಕಡೆ ಒಂದು ಹೊಂಗೆ ಸಸಿ ನೆಟ್ಟೆವು.

ಉಳಿದ ಹಲಗೆಗಳದೇ ಚಿಂತೆಯಾಯಿತು. ಅವು ಕೊಳೆಯುವುದಿಲ್ಲ, ಸುಟ್ಟರೆ ಹೊಗೆ ಒಳ್ಳೆಯದಲ್ಲ. ಮೇಸ್ತ್ರಿಯೇ ಅವನ್ನು ಕುಯ್ಯಿಸಿ, ಮೇಕೆ ಬಾಯಿ ಹಾಕದಂತೆ ಸಸಿಯ ಸುತ್ತ ನಾಲ್ಕು ಕಡೆ ಬಿಗಿಯಾಗಿ ಹೊಡೆದು ಕಟ್ಟಿದ. ಅದು ಅವನ ಕೊನೆಯ ಮರಗೆಲಸ.

ಆಸ್ಪತ್ರೆಯವರು ಹೇಳಿದ್ದಕ್ಕಿಂತ ಅವನು ಹೆಚ್ಚು ಕಾಲ ಉಳಿದ. ಮಲಗಿದಲ್ಲಿಂದಲೇ ಮಳೆ ಬಂತಾ ಎಂದು ಮಗಳನ್ನು ಕೇಳುತ್ತಿದ್ದನಂತೆ. ಮಳೆ ಬಂದರೆ ಅವನಿಗೆ ಖುಷಿ. ಹೆಂಡತಿಯನ್ನು ಗೋಡಿನಲ್ಲಿ ಮಲಗಿಸಿದ ನಂತರದ ಎರಡನೆಯ ಮಳೆಗಾಲ ಮುಗಿದ ಮೇಲೆ, ಒಂದು ಮಧ್ಯಾಹ್ನ, ತೀರಿಕೊಂಡ. ಲೈನಿನವರು ಗೌರವದಿಂದ ಪೆಟ್ಟಿಗೆಗೆ ಹಲಗೆ ತಂದಿಟ್ಟಿದ್ದರು. ಮಗಳು ಕೈಮುಗಿದು ಬೇಡವೆಂದು, ಚಾಪೆ ಬಿಚ್ಚಿದಳು.

ಗುಂಡಿ ತೆಗೆಯುವಾಗ ನಾನು ಅಂಚಿನಲ್ಲೇ ನಿಂತಿದ್ದೆ. ಸಾಲದೆಂದು ಲೈನಿನ ಹಿರಿಯರೂ ಬಂದು ಬಗ್ಗಿ ನೋಡುತ್ತಿದ್ದರು. ನಾಯಿ ಮೇಕೆಗಳಿಂದ ಕಲಿತದ್ದನ್ನು ನಂಬಿ ಆ ಮನುಷ್ಯನ ಕೊನೆಯ ಆಸೆಯನ್ನೇ ಪಣಕ್ಕಿಟ್ಟಿದ್ದೆ. ಸನಿಕೆ ಇಳಿಯುತ್ತಲೇ ಹೋಯಿತು, ಎಲ್ಲಿಯೂ ಸದ್ದಿಲ್ಲ. ಗುಂಡಿ ತೋಡುವವನು ಒಂದು ಬೊಗಸೆ ಮಣ್ಣು ಎತ್ತಿ ನನ್ನತ್ತ ಚಾಚಿದ. ಕಪ್ಪು ಮಣ್ಣು, ಕೈಯಲ್ಲಿ ಹಿಡಿದರೆ ಉದುರುತ್ತಿತ್ತು, ಅದರಲ್ಲಿ ಹೊಂಗೆಯ ಎಳೆ ಬೇರು ಹರಿದಿತ್ತು. ಚಾಪೆಯಿಲ್ಲ, ಸೀರೆಯಿಲ್ಲ. ಮಗಳು ಗುಂಡಿಗಿಳಿದು ಅಮ್ಮನ ಮೂಳೆಗಳನ್ನು ತಾನೇ ಆರಿಸಿ, ಬಟ್ಟೆಯಲ್ಲಿಟ್ಟು, ಅಪ್ಪನ ಎಡಮಗ್ಗುಲಿಗೆ ಸೇರಿಸಿದಳು. ಹಿರಿಯರಲ್ಲೊಬ್ಬರು ಆ ಮಣ್ಣನ್ನು ಚಿಟಿಕೆಯಷ್ಟು ತೆಗೆದು ಹಣೆಗಿಟ್ಟುಕೊಂಡರು. ನಾನು ಆ ಹಿರಿಯರ ಮೇಲೆ ಜೋರು ಮಾಡಿದ್ದು ನೆನಪಾಗಿ ಪಕ್ಕಕ್ಕೆ ಸರಿದು ನಿಂತೆ.

ಅಲ್ಲಿಂದೀಚೆಗೆ ಎಲ್ಲರೂ ಪೆಟ್ಟಿಗೆ ಬಿಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಬಿಟ್ಟರು, ಕೆಲವರು ಮದ್ದಿಲ್ಲದ ಮರಕ್ಕೆ ಬದಲಾದರು, ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಲೇ ಇದ್ದರು. ಮೇಲಿನ ಇಳಿಜಾರಿನಲ್ಲಿ ಮಾತ್ರ ಒಂದೊಂದೇ ಹೊಂಗೆ ಎದ್ದು, ಸೈನೈಡ್ ಮರಳಿಗೆ ಅಷ್ಟಿಷ್ಟು ಅಡ್ಡ ನಿಂತಿತು.

ನನಗೆ ವರ್ಗವಾದಾಗ, ಹೊರಡುವ ಮುಂಚೆ ಅಲ್ಲಿಗೊಮ್ಮೆ ಹೋದೆ. ಸಸಿಯ ಸುತ್ತ ಮೇಸ್ತ್ರಿ ಕಟ್ಟಿದ ಬೇಲಿಯ ಹಲಗೆಗಳು ಒಂದಿಷ್ಟೂ ಕೊಳೆತಿರಲಿಲ್ಲ. ಆದರೆ ಮರ ದಪ್ಪವಾಗಿ, ಬಿಗಿದು ಹೊಡೆದಿದ್ದ ಮೊಳೆಗಳನ್ನು ಒಳಗಿನಿಂದ ತಳ್ಳಿ, ಒಂದು ಮೂಲೆ ಬಾಯಿಬಿಟ್ಟಿತ್ತು. ಗುಂಡಿ ತೋಡುವವನು ಸುತ್ತಿಗೆ ತಂದು, ಮತ್ತೆ ಸೇರಿಸಿ ಹೊಡೆಯಲೇ ಸಾರ್ ಎಂದು ಕೇಳಿದ.

ಬೇಡ, ಬಿಟ್ಟುಬಿಡು ಎಂದೆ.